ಜಾಣಗಿವುಡಲ್ಲ, ಮಗ್ಗದ ಕಿವುಡು

ರಬಕವಿಯ ಓದುಗರೊಬ್ಬರ ಪತ್ರ: “ಮೂವತ್ತು ವರ್ಷ ಪವರ್‌ಲೂಮ್ ನಡೆಸಿದೆ. ಈಗ 58. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಡಾಕ್ಟರು ವಯಸ್ಸು ಅಂತಾರೆ, ಹೆಂಡತಿ ಜಾಣಗಿವುಡು ಅಂತಾಳೆ. ಯಾರನ್ನು ನಂಬಲಿ?”

ಇಬ್ಬರನ್ನೂ ನಂಬಬೇಡಿ ಸ್ವಾಮಿ. ವಯಸ್ಸಿಗೂ ಒಂದು ಪಾಲಿದೆ, ಒಪ್ಪಿದೆ. ಗಟ್ಟಿಯಾದ ಗುಗ್ಗೆ, ಸೋರುವ ಕಿವಿ, ಎಂದೋ ಕ್ಷಯಕ್ಕೆ ಚುಚ್ಚಿಸಿಕೊಂಡ ಸ್ಟ್ರೆಪ್ಟೊಮೈಸಿನ್, ಇವನ್ನೂ ವಿಚಾರಿಸಲಿ. ಆದರೆ ಮೂವತ್ತು ವರ್ಷ ಮಗ್ಗದ ಪಕ್ಕ ನಿಂತವನನ್ನು ‘ಏನು ಕೆಲಸ ಮಾಡುತ್ತಿದ್ದಿರಿ’ ಎಂದೂ ಕೇಳದೆ ವಯಸ್ಸಿನ ಚೀಟಿ ಬರೆದುಕೊಡುವುದು ಯಾವ ವೈದ್ಯ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಅದರೊಳಗಿನ ರೋಮಕೋಶಗಳು ಸತ್ತರೆ ಮತ್ತೆ ಚಿಗುರುವುದಿಲ್ಲ. ಗದ್ದಲ ಮೊದಲು ತಿನ್ನುವುದು ಕೀರಲು ದನಿ ಹಿಡಿಯುವ ಕೋಶಗಳನ್ನು. ಹಾಗಾಗಿ ಆ, ಊ ಉಳಿದು ಸ, ಶ, ತ ಸೋರಿಹೋಗುತ್ತವೆ. ಮನೆಯವರು “ಸಾರು ಬೇಕೇನ್ರಿ?” ಎಂದರೆ ನೀವು “ಯಾರೂ ಬಂದಿಲ್ಲ” ಅನ್ನುತ್ತೀರಿ. ಜಗಳ ಶುರು.

ನಾವೂ ಇದೇ ಪಾಪ ಮಾಡಿದವರು. ನಮ್ಮ ಹಳೆಯ ಅಚ್ಚುಕೂಟದಲ್ಲಿ ಟ್ರೆಡಲ್ ಅಚ್ಚುಯಂತ್ರ ತುಳಿಯುವವನೊಬ್ಬನಿದ್ದ. “ಬೈದರೆ ಕೇಳುತ್ತೆ, ಕೆಲಸ ಹೇಳಿದರೆ ಕೇಳಲ್ಲ” ಎಂದು ಆಡಿಕೊಂಡು ನಗುತ್ತಿದ್ದೆವು. ಬೈಯುವಾಗ ಅವನ ಎದುರಿಗೇ ನಿಂತು ಬೈಯುತ್ತಿದ್ದೆವು, ಕೆಲಸವನ್ನು ಬೆನ್ನ ಹಿಂದಿನಿಂದ ಹೇಳುತ್ತಿದ್ದೆವು. ಅವನು ತುಟಿ ಓದುತ್ತಿದ್ದನೆಂದು ನನಗೆ ಹೊಳೆದದ್ದು ಅವನು ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೆ.

ಲೆಕ್ಕ ಸರಳ. ಸದ್ದನ್ನು ಅಳೆಯುವುದು ಡೆಸಿಬಲ್ಲಿನಲ್ಲಿ. 85 ಡೆಸಿಬಲ್ಲಿನಲ್ಲಿ ದಿನಕ್ಕೆ 8 ತಾಸು ಇರಬಹುದು; 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಸಬೇಕು. 94ಕ್ಕೆ ಒಂದೇ ತಾಸು. ನಮ್ಮ ಕಾರ್ಖಾನೆ ನಿಯಮ ಮಾತ್ರ 90ರವರೆಗೂ 8 ತಾಸು ನಿಲ್ಲಿ ಅನ್ನುತ್ತದೆ. ಮನೆಯ ಹಿತ್ತಲಿನ ನಾಲ್ಕು ಮಗ್ಗದ ಶೆಡ್ಡಿಗಂತೂ ಆ ನಿಯಮವೂ ಎಟುಕುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎಂದಿದೆ; ಗಣಪತಿ ಮೆರವಣಿಗೆಯ ಡಿಜೆ ಮುಂದೆ ಪೊಲೀಸರೇ ಕಿವಿಗೆ ಬೆರಳಿಟ್ಟು ನಿಂತದ್ದನ್ನು ನೋಡಿದ್ದೇನೆ. ಜಾಣಗಿವುಡು ಎಂದರೆ ಅದು!

ಇನ್ನೊಂದು ಮಾತು, ಬೇಸರಿಸಬೇಡಿ. ಓದಲು ಕನ್ನಡಕ ಹಾಕುತ್ತೀರಿ, ಶ್ರವಣಯಂತ್ರ ಎಂದರೆ “ಜನ ಏನಂದಾರು” ಎಂದು ಬರೆದಿದ್ದೀರಿ. ಕಣ್ಣಿಗಿಲ್ಲದ ಮರ್ಯಾದೆ ಕಿವಿಗೆ ಯಾಕೆ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯವರನ್ನೂ ಕರೆದೊಯ್ಯಿರಿ, ಶ್ರವಣಪರೀಕ್ಷೆಯ ನಕ್ಷೆಯಲ್ಲಿ ಗೆರೆ ಎಲ್ಲಿ ಧುಮುಕಿದೆ ಎಂದು ಅವರೇ ನೋಡಲಿ.

ಈಗ ಮಗ ಅದೇ ಮಗ್ಗ ನೋಡಿಕೊಳ್ಳುತ್ತಿದ್ದಾನೆ ಎಂದಿದ್ದೀರಿ. ಹತ್ತಿ ತುರುಕಿದರೆ ಸಾಲದು. ಅವನಿಗೆ ಇಯರ್‌ಪ್ಲಗ್ ಕೊಡಿಸಿದಿರಾ?