ಮೂರು ಲೈಫ್, ಒಂದು ನಾಣ್ಯ: ವಿಡಿಯೊ ಗೇಮ್ ಪ್ರಶ್ನೋತ್ತರ

ಪ್ರಶ್ನೆ: ಹಳೆಯ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಮೂರೇ ಲೈಫ್ (ಸತ್ತರೂ ಆಟ ಮುಂದುವರಿಸುವ ಅವಕಾಶ) ಇರುತ್ತಿದ್ದವು. ಮೂರೇ ಯಾಕೆ? ಈಗಿನ ಎಷ್ಟೋ ಗೇಮ್‌ಗಳಲ್ಲಿ ಆ ಲೆಕ್ಕವೇ ಇಲ್ಲವಲ್ಲ?

ಉತ್ತರ: ಆ ಲೆಕ್ಕ ಹುಟ್ಟಿದ್ದು ನಾಣ್ಯ ಹಾಕಿ ಆಡುವ ಗೇಮ್ ಯಂತ್ರಗಳಲ್ಲಿ. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಎಂಬ ಗೇಮ್ ಮೊದಲು ಜನರ ಕೈಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಬಾರಿನಲ್ಲಿ. ಬೆನ್ನ ಹಿಂದೆ ಇನ್ನೊಬ್ಬ ಕಾಯುತ್ತ ನಿಂತಿರುವ ಜಾಗದಲ್ಲಿ ಆಟ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು, ಆದರೆ ಹಾಕಿದ ದುಡ್ಡು ದಂಡವಾಯಿತು ಅನ್ನಿಸಬಾರದು. ಈ ಎರಡರ ನಡುವೆ ಮೂರು ಚೆನ್ನಾಗಿ ಕೂತಿತು. ಹಾಗಂತ ಅದು ಕಲ್ಲಿನ ಮೇಲೆ ಬರೆದ ನಿಯಮವೇನೂ ಆಗಿರಲಿಲ್ಲ. 1980ರ ಪ್ಯಾಕ್-ಮ್ಯಾನ್ ಯಂತ್ರದೊಳಗಿನ ಬೋರ್ಡಿನ ಮೇಲೆ ಡಿಪ್ ಸ್ವಿಚ್ ಎಂಬ ಪುಟ್ಟ ಸ್ವಿಚ್‌ಗಳ ಸಾಲಿದೆ. ಯಂತ್ರದ ಮಾಲೀಕ ಅದರಲ್ಲಿ 1, 2, 3 ಅಥವಾ 5 ಲೈಫ್ ಇಡಬಹುದಿತ್ತು. ಆಟ ಕಷ್ಟವೋ ಸುಲಭವೋ ಎನ್ನುವುದನ್ನು ಅಂಗಡಿಯೂ ಸ್ವಲ್ಪ ನಿರ್ಧರಿಸುತ್ತಿತ್ತು.

ಹೋಗುತ್ತ ಹೋಗುತ್ತ ಆಟ ಬಿಗಿಯಾಗುವುದೂ ನಾಣ್ಯದ ಯಂತ್ರಕ್ಕೆ ಬೇಕಾದದ್ದೇ. 1978ರ ಸ್ಪೇಸ್ ಇನ್‌ವೇಡರ್ಸ್‌ಗೆ ಅದು ಯಂತ್ರದ ಬಡತನದಿಂದ ದಕ್ಕಿತು. ಅಲ್ಲಿ 55 ಶತ್ರುಗಳಿದ್ದಾರೆ, ಒಂದು ಫ್ರೇಮಿಗೆ (ಪರದೆಯ ಮೇಲೆ ಒಮ್ಮೆ ಮೂಡುವ ಚಿತ್ರಕ್ಕೆ) ಒಬ್ಬನನ್ನಷ್ಟೇ ಸರಿಸಲು ಸಾಧ್ಯ. ಸೆಕೆಂಡಿಗೆ ಸುಮಾರು 60 ಫ್ರೇಮ್. ಎಲ್ಲರೂ ಬದುಕಿದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಕೊನೆಗೆ ಉಳಿದ ಒಬ್ಬ ಪ್ರತಿ ಫ್ರೇಮಿಗೂ ಹೆಜ್ಜೆ ಹಾಕುತ್ತ ಓಡುತ್ತಾನೆ. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಇದನ್ನು ಸರಿಪಡಿಸಲು ಹೋಗಲಿಲ್ಲ, ಜಾಣ.

ಗೇಮ್ ಮನೆಗೆ ಬಂದಾಗ ನಾಣ್ಯ ಹೋಯಿತು, ಲೈಫ್ ಮಾತ್ರ ಅಭ್ಯಾಸಬಲದಿಂದ ಉಳಿಯಿತು. 2017ರ ಸೂಪರ್ ಮಾರಿಯೊ ಒಡಿಸ್ಸಿಯಲ್ಲಿ ಅದನ್ನೂ ಕೈಬಿಟ್ಟರು. ಸತ್ತರೆ ಆಟದೊಳಗಿನ 10 ನಾಣ್ಯ ಕಳೆಯುತ್ತದೆ, ಅಷ್ಟೇ.

ಪ್ರಶ್ನೆ: ಜಪಾನಿನ ಪಿಎಸ್4 (ಪ್ಲೇಸ್ಟೇಷನ್ 4) ಗೇಮ್ ಡಿಸ್ಕ್ ತರಿಸಿದ್ದೇನೆ. ಮೆನುವಿನಲ್ಲಿ ಇಂಟು ಬಟನ್ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಕಂಟ್ರೋಲರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಜಪಾನಿನ ಶಾಲೆಗಳಲ್ಲಿ ಸರಿ ಉತ್ತರಕ್ಕೆ ಮೇಷ್ಟ್ರು ಸೊನ್ನೆ ಸುತ್ತುತ್ತಾರೆ, ಇಂಟು ಎಂದರೆ ತಪ್ಪು. 1994ರ ಪ್ಲೇಸ್ಟೇಷನ್ ಅಲ್ಲಿ ಅದೇ ಅರ್ಥದಲ್ಲಿ ಬಂತು: ಸೊನ್ನೆ ‘ಹೂಂ’, ಇಂಟು ‘ಬೇಡ’. ಅಮೆರಿಕ, ಯುರೋಪಿನಲ್ಲಿ ಇದು ತಿರುವುಮುರುವಾಯಿತು. 2020ರ ಪಿಎಸ್5ರಿಂದ ಜಪಾನಿನಲ್ಲೂ ಇಂಟುವೇ ‘ಹೂಂ’.

ಮೊದಲು ಗೇಮಿನ ಸ್ವಂತ ಆಪ್ಷನ್ಸ್ ಮೆನುವಿನಲ್ಲಿ ಬಟನ್ ಬದಲಿಸುವ ಅವಕಾಶ ಇದೆಯೇ ನೋಡಿ. ಇಲ್ಲದಿದ್ದರೆ ಪಿಎಸ್4ರ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಬಟನ್ ಅಸೈನ್‌ಮೆಂಟ್ಸ್‌ನಲ್ಲಿ ಸೊನ್ನೆ–ಇಂಟು ಅದಲುಬದಲು ಮಾಡಬಹುದು. ಆದರೆ ಅಲ್ಲಿ ಬದಲಿಸಿದರೆ ಇಡೀ ಯಂತ್ರಕ್ಕೇ ಬದಲಾಗುತ್ತದೆ: ಮೆನು ಸರಿಹೋಗಿ, ಆಟದ ನಡುವೆ ಜಿಗಿಯುವ ಬಟನ್ ಜಾಗ ಬದಲಿಸಿ ಕೂತಿರುತ್ತದೆ. ಏನನ್ನೂ ಬದಲಿಸದೆ ಎರಡು ದಿನ ಸಹಿಸಿಕೊಂಡರೆ ಬೆರಳೇ ಕಲಿಯುತ್ತದೆ. ನಮ್ಮ ಸಲಹೆ ಅದೇ.

ಪ್ರಶ್ನೆ: ಹಳೆಯ ನಿಂಟೆಂಡೊ ಎನ್‌ಇಎಸ್ ಗೇಮ್ ಯಂತ್ರ ಸಿಕ್ಕಿದೆ. ಆನ್ ಮಾಡಿದರೆ ಪರದೆ ಆರಿ ಹತ್ತುತ್ತಲೇ ಇರುತ್ತದೆ. ಹೇಗೋ ಆಟ ಶುರುವಾದರೂ ಎಲ್‌ಇಡಿ ಟಿವಿಯಲ್ಲಿ ಅದರ ಆಟಿಕೆ ಗನ್ ಪರದೆಯ ಒಂದು ಗುರಿಯನ್ನೂ ಹೊಡೆಯುವುದಿಲ್ಲ.

ಉತ್ತರ: ಇವು ಬೇರೆ ಬೇರೆ ಕಾಯಿಲೆಗಳು. ಸೆಕೆಂಡಿಗೊಮ್ಮೆ ಆರಿ ಹತ್ತುತ್ತಿದ್ದರೆ ಅದು ಕಾವಲು ಚಿಪ್‌ನ ಕೆಲಸ. ಯಂತ್ರದೊಳಗೊಂದು, ಕಾರ್ಟ್ರಿಜ್ ಎಂಬ ಗೇಮ್ ಡಬ್ಬಿಯೊಳಗೊಂದು ಚಿಪ್ ಇದ್ದು, ಎರಡೂ ಮಾತಾಡಿಕೊಳ್ಳದಿದ್ದರೆ ಯಂತ್ರ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಮಾತು ಕಡಿಯುವುದು ಸಾಮಾನ್ಯವಾಗಿ ಕೊಳೆಯಿಂದ, ಇಲ್ಲವೇ ಸಡಿಲಾದ 72 ಪಿನ್ನಿನ ಕನೆಕ್ಟರ್‌ನಿಂದ.

ಪಿನ್ ಸಡಿಲಾಗುವುದಕ್ಕೂ ಒಂದು ಹಿನ್ನೆಲೆಯಿದೆ. ಇದೇ ಯಂತ್ರದ ಜಪಾನಿನ ರೂಪವಾದ ಫ್ಯಾಮಿಕಾಮ್‌ನಲ್ಲಿ (1983) ಕಾರ್ಟ್ರಿಜ್ ಮೇಲಿನಿಂದ ನೆಟ್ಟಗೆ ಕೂರುತ್ತದೆ. ಅದೇ ವರ್ಷ ಅಮೆರಿಕದಲ್ಲಿ ಗೇಮ್ ವ್ಯಾಪಾರ ಕುಸಿದು, ಅಂಗಡಿಯವರು ವಿಡಿಯೊ ಗೇಮ್ ಎಂದರೆ ಮುಖ ತಿರುಗಿಸುತ್ತಿದ್ದರು. ಹಾಗಾಗಿ 1985ರಲ್ಲಿ ಅಲ್ಲಿಗೆ ಹೋದ ಎನ್‌ಇಎಸ್‌ಗೆ ವಿಸಿಆರ್‌ನ (ವಿಡಿಯೊ ಕ್ಯಾಸೆಟ್ ಯಂತ್ರದ) ವೇಷ ಹಾಕಿದರು: ಮುಂದಿನಿಂದ ತಳ್ಳಿ, ಕೆಳಕ್ಕೆ ಒತ್ತಬೇಕು. ಹಾಗೆ ಒತ್ತಿದಾಗಲೆಲ್ಲ ಪಿನ್ ಬಾಗುತ್ತದೆ.

90 ಪ್ರತಿಶತಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ, ಕಾರ್ಟ್ರಿಜ್‌ನ ತಾಮ್ರದ ಪಟ್ಟಿಗಳನ್ನು ಎರಡೂ ಬದಿ ಉಜ್ಜಿ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಹೊಸ ಕಡ್ಡಿ ತೆಗೆದುಕೊಳ್ಳುತ್ತಿರಿ, ಹತ್ತು ನಿಮಿಷ ಒಣಗಲು ಬಿಡಿ. ಬಾಯಿಂದ ಊದಬೇಡಿ, ಉಸಿರಿನ ತೇವ ಪಟ್ಟಿಗೆ ಕಿಲುಬು ಹಿಡಿಸುತ್ತದೆ. ಇಷ್ಟಾದರೂ ಮಿಣುಕು ನಿಲ್ಲದಿದ್ದರೆ ಕನೆಕ್ಟರನ್ನೇ ಬದಲಿಸಿ. ಹೊಸದು ಕೆಲವೊಮ್ಮೆ ಕಾರ್ಟ್ರಿಜನ್ನು ಬಿಗಿಯಾಗಿ ಕಚ್ಚುತ್ತದೆ; ಎಳೆಯುವಾಗ ನೇರವಾಗಿ ಎಳೆಯಿರಿ, ಅಲ್ಲಾಡಿಸಬೇಡಿ.

ಇನ್ನು ಗನ್. ಅದರಿಂದ ಏನೂ ಹೊರಗೆ ಹಾರುವುದಿಲ್ಲ, ಅದು ನೋಡುತ್ತದೆ. ಟ್ರಿಗರ್ ಒತ್ತಿದೊಡನೆ ಪರದೆ ಒಂದು ಫ್ರೇಮ್ ಪೂರ್ತಿ ಕಪ್ಪಾಗಿ, ಮುಂದಿನ ಫ್ರೇಮಿನಲ್ಲಿ ಗುರಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ನಂತರ ಬೆಳಕು ಕಂಡರೆ ಹೊಡೆತ ಸರಿ. ಎಲ್‌ಇಡಿ ಟಿವಿ ಚಿತ್ರವನ್ನು ಸಂಸ್ಕರಿಸುತ್ತ ಕೂತಿರುವಾಗ ಆ ಗಳಿಗೆ ಕಳೆದುಹೋಗಿರುತ್ತದೆ. ಗೇಮ್ ಮೋಡ್ ಹಾಕಿದರೂ ಪ್ರಯೋಜನವಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುತ್ತದೆ, ಗನ್ನಿನ ಸರ್ಕೀಟ್ ಅದೇ ಮಿಡಿತಕ್ಕೆ ಹೊಂದಿಸಿದ್ದು. ಟ್ಯೂಬ್ ಟಿವಿಯೇ ಹುಡುಕಬೇಕು. ಸಿಕ್ಕರೆ ಬ್ರೈಟ್‌ನೆಸ್ ಏರಿಸಿ ಆಡಿ. ಹಿಂಬದಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಪ್ರಶ್ನೆ: ಪಾತ್ರಗಳಿಗೆ ಒಂದು ಜನಾಂಗದ ಉಡುಗೆ ತೊಡಿಸಿದರೆ ಆ ಸಂಸ್ಕೃತಿ ಗೇಮಿಗೆ ಬಂದಂತೆಯೇ?

ಉತ್ತರ: ಉಡುಗೆ ಗೋಡೆಗೆ ಬಳಿದ ಬಣ್ಣವಿದ್ದಂತೆ. ಆಟ ಯಾವುದಕ್ಕೆ ಗೆಲುವು ಕೊಡುತ್ತದೆ, ಯಾವುದಕ್ಕೆ ಸೋಲು ಎಂದು ನೋಡಿ. ಅಲಾಸ್ಕಾದ ಇನ್ಯುಪಿಯಾಟ್ ಜನರ ಹಿರಿಯರು, ಕಥೆಗಾರರೊಂದಿಗೆ ಕೂತು ರೂಪಿಸಿದ ನೆವರ್ ಅಲೋನ್ (2014) ಆಡಿ. ನೂನಾ ಎಂಬ ಹುಡುಗಿ, ಜೊತೆಗೊಂದು ನರಿ. ಬಿರುಗಾಳಿ ಬಂದಾಗ ಮುನ್ನುಗ್ಗಿದರೆ ಹಿಂದಕ್ಕೆ ಎಸೆಯುತ್ತದೆ, ಕುಕ್ಕರುಗಾಲಲ್ಲಿ ಕೂತು ಕಾಯಬೇಕು. ಆತ್ಮಗಳು ಆಸರೆಗೆ ಬರುವುದು ನರಿ ಹತ್ತಿರವಿದ್ದಾಗ. ಇಬ್ಬರಲ್ಲಿ ಒಬ್ಬರು ಸತ್ತರೆ ಇಬ್ಬರೂ ಹಿಂದಿನಿಂದ ಶುರುಮಾಡಬೇಕು. ಕಥೆ ಹೇಳುವ ದನಿಯೂ ಅವರದೇ ಭಾಷೆಯಲ್ಲಿದೆ. ಒಬ್ಬರೇ ಆಡಿದರೆ ಕಂಪ್ಯೂಟರ್ ನಡೆಸುವ ಜೊತೆಗಾರ ಆಗಾಗ ಎಡವಿ ಬೀಳುತ್ತಾನೆ. ಎರಡು ಕಂಟ್ರೋಲರ್ ಇಟ್ಟುಕೊಂಡು ಆಡಿ.

ಪ್ರಶ್ನೆ: ಚಿಕ್ಕ ಕೋಣೆಯಲ್ಲಿ ವಿಆರ್ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಆಡುವ ವರ್ಚುವಲ್ ರಿಯಾಲಿಟಿ) ಗೇಮ್ ಆಡಬಹುದೇ?

ಉತ್ತರ: ಎಚ್‌ಟಿಸಿ ವೈವ್ ಎಂಬ ಹೆಡ್‌ಸೆಟ್‌ನಲ್ಲಿ ಓಡಾಡಿ ಆಡಲು ಕನಿಷ್ಠ 2 ಮೀಟರ್ ಉದ್ದ, 1.5 ಮೀಟರ್ ಅಗಲದ ಖಾಲಿ ಜಾಗ ಬೇಕು. ಅಷ್ಟಿಲ್ಲದಿದ್ದರೆ ಕೂತು ಆಡುವ ಗೇಮ್ ಆರಿಸಿಕೊಳ್ಳಿ. ಹೆಡ್‌ಸೆಟ್ಟಿನೊಳಗೆ ಕಾಣುವ ಗಡಿ ಗೆರೆಯನ್ನು ಗೋಡೆಯಿಂದ ಅರ್ಧ ಮೀಟರ್ ಒಳಗೇ ಎಳೆಯಿರಿ, ಗೆರೆ ಕಣ್ಣಿಗೆ ಬೀಳುವಷ್ಟರಲ್ಲಿ ಬೀಸಿದ ಕೈ ಮುಂದೆ ಹೋಗಿರುತ್ತದೆ. ನಡುವೆ ಒಂದು ಚಿಕ್ಕ ಚಾಪೆ ಹಾಸಿದರೆ ಜಾಗ ಬಿಟ್ಟು ಸರಿದದ್ದು ಬರಿಗಾಲಿಗೇ ಗೊತ್ತಾಗುತ್ತದೆ. ಆಡಿದ ಮೇಲೆ ಹೆಡ್‌ಸೆಟ್ಟನ್ನು ಕಿಟಕಿ ಬಳಿ ಮಸೂರ ಮೇಲಾಗಿ ಇಡಬೇಡಿ. ಬಿಸಿಲು ಅದರ ಮೂಲಕ ಒಂದೆಡೆ ಸೇರಿ ಒಳಗಿನ ಪರದೆಯನ್ನು ಸುಡುತ್ತದೆ.