ಕಾಯಿಸಿದ ಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಪೊರೆಯ ಬ್ಯಾಂಡ್ ಗ್ಯಾಪ್ ಇಳಿದರೆ ಅದು ಅಳತೆಯ ತಪ್ಪೇ?

ದ್ರಾವಣದಲ್ಲಿ ಅದ್ದಿ ಗಾಜಿನ ಮೇಲೆ ಬೆಳೆಸಿದ ಕ್ಯಾಡ್ಮಿಯಂ ಸಲ್ಫೈಡ್ ಪೊರೆಯನ್ನು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದಾಗ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನು ಬಂಧ ಬಿಡಿಸಿಕೊಂಡು ವಸ್ತುವಿನೊಳಗೆ ಹರಿಯಲು ಬೇಕಾದ ಕನಿಷ್ಠ ಶಕ್ತಿ) 2.53ರಿಂದ 2.41 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯಿತು, ಇದು ಅಳತೆಯ ತಪ್ಪಿರಬಹುದೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಇದೇ ಪೊರೆಗಳ ಮೇಲೆ ಕೆಲವು ವರ್ಷ ಕೆಲಸ ಮಾಡಿದವನಾಗಿ ಹೇಳುವುದಾದರೆ, ಈ ಇಳಿಕೆ ನಿಜವಾದದ್ದೇ ಆಗಿರುವ ಸಾಧ್ಯತೆ ಹೆಚ್ಚು.

ದ್ರಾವಣದಿಂದ ಆಗಷ್ಟೇ ತೆಗೆದ ಪೊರೆಯಲ್ಲಿ ಹರಳುಗಳು ಕೆಲವೇ ನ್ಯಾನೋಮೀಟರ್ ಗಾತ್ರದವಾಗಿರುತ್ತವೆ. ಅಷ್ಟು ಇಕ್ಕಟ್ಟಿನಲ್ಲಿ ಸಿಲುಕಿದ ಎಲೆಕ್ಟ್ರಾನುಗಳಿಂದಾಗಿ ಬ್ಯಾಂಡ್ ಗ್ಯಾಪ್ ದೊಡ್ಡ ಹರಳಿನ 2.42 ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಕ್ಕೆ ಸರಿದಿರುತ್ತದೆ. ಕಾಯಿಸಿದಾಗ ಪುಟ್ಟ ಹರಳುಗಳು ಒಂದನ್ನೊಂದು ಸೇರಿ ಬೆಳೆಯುತ್ತವೆ, ಪೊರೆಯೊಳಗೆ ಉಳಿದಿದ್ದ ನೀರು ಮತ್ತು ಹೈಡ್ರಾಕ್ಸೈಡ್ ಹೊರಬೀಳುತ್ತವೆ, ಘನಾಕೃತಿಯ ಹರಳುರಚನೆ ಕ್ರಮೇಣ ಷಡ್ಭುಜಾಕೃತಿಯದಾಗುತ್ತದೆ. ಆದ್ದರಿಂದ ಮೌಲ್ಯವು ದೊಡ್ಡ ಹರಳಿನ ಮೌಲ್ಯದತ್ತ ಮರಳುತ್ತದೆ. ತರಂಗಾಂತರದ ಲೆಕ್ಕದಲ್ಲಿ ಹೀರಿಕೆಯ ಅಂಚು, ಅಂದರೆ ಪೊರೆ ಬೆಳಕನ್ನು ಬಲವಾಗಿ ಹೀರತೊಡಗುವ ಗಡಿ, ಸುಮಾರು 490ರಿಂದ 515 ನ್ಯಾನೋಮೀಟರ್‌ಗೆ ಸರಿದಿದೆ. ತಿಳಿ ಹಳದಿಯಿದ್ದ ಪೊರೆ ಕಿತ್ತಳೆಯತ್ತ ವಾಲಿರುವುದು ಬರಿಗಣ್ಣಿಗೇ ಕಾಣಬೇಕು.

ಆದರೂ ಒಂದು ಪರೀಕ್ಷೆಯನ್ನು ಬಿಡಬೇಡಿ. ಕಾಯಿಸಿದ ಪೊರೆಯ ಮೇಲ್ಮೈ ಒರಟಾದರೆ ಬೆಳಕು ಚದುರಿ ಪತ್ತೆಕಾರಕವನ್ನು ತಲುಪುವುದಿಲ್ಲ. ಉಪಕರಣವು ಆ ನಷ್ಟವನ್ನೂ ಹೀರಿಕೆಯೆಂದೇ ಎಣಿಸುವುದರಿಂದ ಟಾಕ್ ನಕ್ಷೆಯಲ್ಲಿ (ಹೀರಿಕೆಯ ಅಳತೆಯಿಂದ ಎಳೆದ ರೇಖೆ ಶಕ್ತಿಯ ಅಕ್ಷವನ್ನು ಮುಟ್ಟುವಲ್ಲಿ ಬ್ಯಾಂಡ್ ಗ್ಯಾಪ್ ಓದುವ ನಕ್ಷೆ) ಎಳೆದ ರೇಖೆ ಇಲ್ಲದ ಇಳಿಕೆಯನ್ನು ತೋರಿಸುತ್ತದೆ. 700ರಿಂದ 900 ನ್ಯಾನೋಮೀಟರ್ ನಡುವೆ ಈ ಪೊರೆ ಬೆಳಕನ್ನು ಹೀರುವ ಕಾರಣವೇ ಇಲ್ಲ. ಅಲ್ಲಿಯೂ ಪಾರಗಮನ (ಪೊರೆಯನ್ನು ದಾಟಿ ಬರುವ ಬೆಳಕಿನ ಪ್ರಮಾಣ) ಗಣನೀಯವಾಗಿ ಕುಸಿದಿದ್ದರೆ ಚದುರಿಕೆಯನ್ನು ಶಂಕಿಸಿ. ದಪ್ಪದ ಅಳತೆ ತಪ್ಪಿರಬಹುದೆಂದು ಹಲವರು ಹೆದರುತ್ತಾರೆ. ದಪ್ಪ ತಪ್ಪಿದರೆ ಹೀರಿಕೆ ಗುಣಾಂಕವು ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆಯೇ ಹೊರತು ರೇಖೆ ಅಕ್ಷವನ್ನು ಮುಟ್ಟುವ ಬಿಂದು ಕದಲುವುದಿಲ್ಲ.

ಕಾಯಿಸಿದ್ದು ಗಾಳಿಯಲ್ಲೋ, ನಿರ್ವಾತದಲ್ಲೋ, ಸಾರಜನಕದಲ್ಲೋ ಎಂಬುದನ್ನು ನೀವು ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ತಾಪಮಾನದಷ್ಟೇ ಮುಖ್ಯವಾದ ಸಂಗತಿ ಇದು. ಗಾಳಿಯಲ್ಲಿ ತಾಪಮಾನ ಇನ್ನೂ ಮೇಲಕ್ಕೆ ಹೋದರೆ ಗಂಧಕ ಕಳೆದು ಕ್ಯಾಡ್ಮಿಯಂ ಆಕ್ಸೈಡ್ ಉಂಟಾಗಬಹುದು. ಆಗ ನೀವು ಅಳೆಯುತ್ತಿರುವುದು ಬೇರೆಯೇ ವಸ್ತುವನ್ನು. ಅಲ್ಯೂಮಿನಿಯಂ ಬೆರೆಸಿದ ಜಿಂಕ್ ಆಕ್ಸೈಡ್ ಪೊರೆಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟ: ಗಾಳಿಯಲ್ಲಿ ಕಾಯಿಸಿದರೆ ವಾಹಕಗಳು (ವಿದ್ಯುತ್ ಒಯ್ಯುವ ಎಲೆಕ್ಟ್ರಾನುಗಳು) ತಗ್ಗಿ ಅಂಚು ಕೆಂಪಿನತ್ತ ಸರಿಯುತ್ತದೆ, ಹೈಡ್ರೋಜನ್‌ನಲ್ಲಿ ಕಾಯಿಸಿದರೆ ವಾಹಕಗಳು ಹೆಚ್ಚಿ ನೀಲಿಯತ್ತ ಸರಿಯುತ್ತದೆ. 1954ರಲ್ಲಿ ಭೌತವಿಜ್ಞಾನಿಗಳಾದ ಬರ್ಸ್ಟೀನ್ ಮತ್ತು ಮಾಸ್ ವಿವರಿಸಿದ ಪರಿಣಾಮವಿದು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೇಜಿನ ಮೇಲೆ ಬಿಟ್ಟ ಪೊರೆ ತೇವ ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ತೆಗೆದ ನನ್ನ ಅಳತೆಗಳು ಜನವರಿಯವುಗಳೊಂದಿಗೆ ಹೊಂದದೆ ತಿಂಗಳುಗಟ್ಟಲೆ ಕಾಡಿದ್ದವು. ಆಮೇಲೆ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪಾತ್ರೆಯಲ್ಲಿಟ್ಟು ಅಳೆಯತೊಡಗಿದೆ. ಒಂದೇ ದ್ರಾವಣದಲ್ಲಿ ಬೆಳೆಸಿದ ಒಂದು ಗಾಜನ್ನು ಕಾಯಿಸದೆ ಅದೇ ಪಾತ್ರೆಯಲ್ಲಿಟ್ಟು, ಕಾಯಿಸಿದ ಪೊರೆಯನ್ನು ಅಳೆಯುವ ದಿನವೇ ಅದನ್ನೂ ಅಳೆಯಿರಿ.