ಸೆಕೆಂಡ್ ಹ್ಯಾಂಡ್ ಮರ ಕುಯ್ಯುವ ಮಿಷನ್ ರೇಸ್ ಕೊಟ್ಟರೆ ನಿಲ್ಲುತ್ತದೆ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಕಾರ್ಬೊರೇಟರ್ ಬದಲಿಸಬೇಕೇ?

ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಪುತ್ತೂರು ಕಡೆಯಿಂದ ತಂದ 45 ಸಿಸಿ ಹಳೇ ಚೈನ್ ಸಾ, ಈಗ ಘಟ್ಟದ ಮೇಲೆ, ಕೊಡಗಿನ ಮಾದಾಪುರದ ತೋಟದಲ್ಲಿದೆ. ಬೆಳಿಗ್ಗೆ ಐದಾರು ಎಳೆತಕ್ಕೆ ಹಿಡಿಯುತ್ತದೆ, ಐಡಲ್‌ನಲ್ಲಿ ಓಡುತ್ತದೆ, ರೇಸ್ ಕೊಟ್ಟ ಕೂಡಲೇ ಉಸಿರು ಕಟ್ಟಿದ ಹಾಗೆ ಆಗಿ ಆಫ್. ಹೇಗೋ ಸಂಭಾಳಿಸಿ ಕಾಲು ಗಂಟೆ ಕೆಲಸ ಮಾಡಿದರೆ ಆಮೇಲೆ ಎಷ್ಟು ಎಳೆದರೂ ಇಲ್ಲ. ಅರ್ಧ ಗಂಟೆ ತಣಿಯಲು ಬಿಟ್ಟರೆ ಮತ್ತೆ ಹಿಡಿಯುತ್ತದೆ. ಮೆಕ್ಯಾನಿಕ್ ಹೊಸ ಕಾರ್ಬೊರೇಟರ್ ಹಾಕಿ ಎಂದಿದ್ದಾರೆ.

ಈಗಲೇ ಹಾಕಬೇಡಿ. ಕಾರ್ಬೊರೇಟರ್ ತಪ್ಪಿತಸ್ಥ ಆಗಿರಲೂಬಹುದು, ಆದರೆ ಹಳೇ ಮಿಷನ್ನಿನಲ್ಲಿ ಅದನ್ನು ಕೊನೆಗೆ ಮುಟ್ಟಬೇಕು. ಎಲ್ಲೋ ಗಾಳಿ ಸೋರಿ ಪೆಟ್ರೋಲ್ ಸಾಲದೆ ಓಡುತ್ತಿದ್ದರೆ, ಹೊಸ ಕಾರ್ಬೊರೇಟರ್ ಹಾಕಿ ಸ್ಕ್ರೂ ತಿರುಗಿಸಿ ಸರಿಮಾಡಿದ ಹಾಗೆ ಕಾಣಿಸುತ್ತದೆ. ನಾಲ್ಕು ದಿನದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮೊದಲು ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆಯಾಗಿ ನಿಂತ ಪದರ ಕಂಡರೆ ಅರ್ಧ ಉತ್ತರ ಸಿಕ್ಕಿತು. ಈಗ ಬಂಕಿನಲ್ಲಿ ಸಿಗುವುದು ಇ-20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಮೂಲೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ಕೂತ ಮಿಷನ್ ಎಷ್ಟು ತೇವ ಕುಡಿದಿರುತ್ತದೆ ಎಂದು ಹೇಳಬೇಕಾಗಿಲ್ಲ. ನೀರು ಹೆಚ್ಚಾದಾಗ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತವೆ, ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಆಯಿಲ್ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಫಿಲ್ಟರ್ ಬಿದ್ದಿರುವುದು ಟ್ಯಾಂಕಿನ ತಳದಲ್ಲಿ. ಎಂಜಿನ್ನಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಆ ಕೆಳಗಿನ ದ್ರವ.

ಅದನ್ನು ಚೆಲ್ಲಿ ಹೊಸದಾಗಿ ಬೆರೆಸಿ. ಒಳ್ಳೆಯ ದರ್ಜೆಯ 2ಟಿ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಸಾಧಾರಣ ಆಯಿಲ್ ಆದರೆ 25ಕ್ಕೆ 1, ಲೀಟರಿಗೆ 40 ಮಿ.ಲೀ. ಬಾಟಲಿ ಮುಚ್ಚಳದ ಅಂದಾಜು ಬೇಡ, ಮೆಡಿಕಲ್ ಸ್ಟೋರಿನ 20 ಮಿ.ಲೀ. ಸಿರಿಂಜ್ ಸಾಕು. ಬೆರೆಸಿದ್ದನ್ನು ತಿಂಗಳೊಳಗೆ ಮುಗಿಸಿ.

ಇನ್ನು ಎಂಜಿನ್ ಜೀವಂತ ಇದೆಯೇ ನೋಡಬೇಕು. 19 ಮಿ.ಮೀ. ಸ್ಪ್ಯಾನರ್‌ನಲ್ಲಿ ಪ್ಲಗ್ ಬಿಚ್ಚಿ, ಸೈಲೆನ್ಸರ್ ಬೋಲ್ಟ್ ತೆಗೆದು ಸೈಲೆನ್ಸರ್ ಕಳಚಿ. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಹಗ್ಗ ನಿಧಾನ ಎಳೆಯುತ್ತಾ ಪಿಸ್ಟನ್ ಮೇಲೆ ಬರುವುದನ್ನು ನೋಡಿ. ಪಿಸ್ಟನ್ ಪಕ್ಕ ಮಾಸಲು ಬೂದುಬಣ್ಣದಲ್ಲಿ ನುಣುಪಾಗಿರಬೇಕು, ರಿಂಗನ್ನು ಮರದ ಕಡ್ಡಿಯಿಂದ ಒತ್ತಿದರೆ ಸ್ಪ್ರಿಂಗಿನಂತೆ ವಾಪಸು ಬರಬೇಕು. ಮೇಲಿಂದ ಕೆಳಕ್ಕೆ ಉದ್ದುದ್ದ ಗೆರೆ ಇದ್ದರೆ ಅದು ಎಲ್ಲಿದೆ ಎಂಬುದೇ ಕಥೆ ಹೇಳುತ್ತದೆ. ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಪೆಟ್ರೋಲ್ ಸಾಲದೆ ಅತಿಯಾಗಿ ಕಾದಿದೆ. ಸುತ್ತಲೂ ಇದ್ದರೆ ಯಾರೋ ಆಯಿಲ್ ಇಲ್ಲದ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಕಾರ್ಬೊರೇಟರ್ ತೆಗೆದು ಆ ಕಡೆಯಿಂದ ನೋಡಿದಾಗ ಅಲ್ಲೂ ಉಜ್ಜಿದ ಗುರುತು ಕಂಡರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ.

ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ರೇಸ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಎಳೆಯಿರಿ. ಎಳೆಯಲು ಹಗುರಾಗಲೆಂದು ಒತ್ತಡ ಬಿಡುವ ಡಿಕಂಪ್ರೆಷನ್ ಗುಂಡಿ ಇದ್ದರೆ ಒತ್ತಬೇಡಿ. 140 ಪಿಎಸ್‌ಐ ಮೇಲೆ ಬಂದರೆ ನೆಮ್ಮದಿ. 120ರ ಸುತ್ತ ಇದ್ದರೆ ಹೇಗೋ ಓಡುತ್ತದೆ, ಬಿಸಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. 100ರ ಕೆಳಗಾದರೆ ಕಾರ್ಬೊರೇಟರ್ ಮಾತು ಬಿಡಿ. ಸಿಲಿಂಡರ್-ಪಿಸ್ಟನ್ ಕಿಟ್ ಹಾಕುವುದೋ, ಮಿಷನ್ ಮಾರಿದವರಿಗೆ ವಾಪಸು ಕೊಡುವುದೋ ಯೋಚಿಸಿ. ಗೇಜ್ ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಹಾಕಿರುವಾಗಲೇ, ಮಿಷನ್ನನ್ನು ಹಗ್ಗದ ಹಿಡಿಯಲ್ಲಿ ತೂಗಿ ಬಿಡಿ. ತಡೆತಡೆದು ಇಳಿದರೆ ಪರವಾಗಿಲ್ಲ, ಸರ್ರನೆ ಜಾರಿದರೆ ಒಳಗೆ ಏನೂ ಉಳಿದಿಲ್ಲ. ಇದು ಬರೀ ಅಂದಾಜು.

ಸೈಲೆನ್ಸರ್ ಕೈಯಲ್ಲಿರುವಾಗಲೇ ಅದರ ಬಾಯಿಯಲ್ಲಿರುವ ಕಿಡಿ ತಡೆಯುವ ಸಣ್ಣ ಜಾಲರಿ ನೋಡಿ. ಆಯಿಲ್ ಜಾಸ್ತಿ ಹಾಕಿ ಓಡಿಸಿದ ಮಿಷನ್ನಿನಲ್ಲಿ ಅದು ಮಸಿ ಹಿಡಿದು ಪೂರ್ತಿ ಮುಚ್ಚಿರುತ್ತದೆ, ಹೊಗೆ ಹೊರಗೆ ಹೋಗದೆ ರೇಸ್ ಏರುವುದೇ ಇಲ್ಲ. ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಆಯಿತು.

ಎಂಜಿನ್ ಸರಿ ಇದೆ ಅಂತಿಟ್ಟುಕೊಳ್ಳೋಣ. ರೇಸ್ ಕೊಟ್ಟಾಗ ನಿಲ್ಲುವುದು ಪೆಟ್ರೋಲ್ ಕಮ್ಮಿಯಾಗಿಯೋ, ಜಾಸ್ತಿಯಾಗಿಯೋ? ಇದನ್ನು ಗೊತ್ತುಮಾಡಿಕೊಳ್ಳದೆ ಸ್ಕ್ರೂ ತಿರುಗಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ಚೋಕ್ ಅರ್ಧ ಎಳೆದು ರೇಸ್ ಕೊಡಿ. ಆಗ ಚೆನ್ನಾಗಿ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ. ಕಪ್ಪು ಹೊಗೆ ಉಗುಳಿ ಇನ್ನೂ ಬೇಗ ಸತ್ತರೆ ಪೆಟ್ರೋಲ್ ಜಾಸ್ತಿ. ಪ್ಲಗ್ ಮುಖವೂ ಇದನ್ನೇ ಹೇಳುತ್ತದೆ: ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಸರಿ, ಬೂದಿಯಂತೆ ಬಿಳಿ ಇದ್ದರೆ ಕಮ್ಮಿ, ಒದ್ದೆ ಕಪ್ಪು ಇದ್ದರೆ ಜಾಸ್ತಿ.

ಇಲ್ಲೊಂದು ಊರಿನ ಲೆಕ್ಕ ಇದೆ. ಘಟ್ಟದ ಕೆಳಗೆ ಟ್ಯೂನ್ ಆದ ಮಿಷನ್ ಸಾವಿರ ಮೀಟರ್ ಮೇಲೆ ಬಂದರೆ ಗಾಳಿ ನೂರಕ್ಕೆ ಹತ್ತರಷ್ಟು ತೆಳುವಾಗುತ್ತದೆ, ಪೆಟ್ರೋಲ್ ಅಷ್ಟೇ ಬರುತ್ತದೆ. ಹಾಗಾಗಿ ನಿಮ್ಮ ಮಿಷನ್ ಇಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಮುಕ್ಕರಿಯುವುದು ಸಹಜ. ಚೋಕ್ ಪರೀಕ್ಷೆಯಲ್ಲಿ ಜಾಸ್ತಿ ಎಂದೇ ಬಂದರೆ ಏರ್ ಫಿಲ್ಟರ್ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ, ಕಾರ್ಬೊರೇಟರಿನ ಎಚ್ (ಪೂರ್ತಿ ರೇಸಿನ ಪೆಟ್ರೋಲ್) ಮತ್ತು ಎಲ್ (ಐಡಲ್ ಪೆಟ್ರೋಲ್) ಸ್ಕ್ರೂಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ ನೋಡಿ. ಬಹುಶಃ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಘಟ್ಟ ಹತ್ತಿ ಬಂದ ಮೇಲೂ ಪೆಟ್ರೋಲ್ ಸಾಲುತ್ತಿಲ್ಲ ಎಂದಾದರೆ, ಎಲ್ಲೋ ಕಟ್ಟಿಕೊಂಡಿದೆ ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಸ್ಕ್ರೂ ತಿರುಗಿಸಿ ಮುಚ್ಚಿಹಾಕುವ ತಪ್ಪಲ್ಲ ಅದು.

ಕಟ್ಟಿಕೊಂಡಿರುವುದನ್ನು ಹುಡುಕುವುದು ಸುಲಭ. ಕೊಕ್ಕೆ ಬಗ್ಗಿಸಿದ ತಂತಿಯಿಂದ ಟ್ಯಾಂಕಿನ ಫಿಲ್ಟರ್ ಹೊರಗೆಳೆಯಿರಿ. ಕಪ್ಪಗೆ ಅಂಟಂಟಾಗಿದ್ದರೆ ತೊಳೆಯಲು ಹೋಗಬೇಡಿ, ಹೊಸದು ಹಾಕಿ. ಅದಕ್ಕೆ ಸೇರಿದ ಪೈಪನ್ನು ಬಗ್ಗಿಸಿ ನೋಡಿ. ಎಥನಾಲ್ ತಿಂದ ಪೈಪ್ ಒಂದೋ ಬೆಂಡೆಕಾಯಿಯಂತೆ ಮೆತ್ತಗೆ ಲೋಳೆಯಾಗಿರುತ್ತದೆ, ಇಲ್ಲ ಗಟ್ಟಿಯಾಗಿ ಟ್ಯಾಂಕ್ ದಾಟುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಆ ಬಿರುಕು ನೆಟ್ಟಗಿದ್ದಾಗ ಕಾಣಿಸುವುದಿಲ್ಲ, ಎಳೆದಾಗ ಬಾಯಿ ಬಿಡುತ್ತದೆ.

ಗಾಳಿ ಸೋರುವುದು ಹೆಚ್ಚಾಗಿ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟಿನಲ್ಲಿ, ಇಲ್ಲವೇ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲಿನಲ್ಲಿ. ರೇಸ್ ಬಿಟ್ಟ ಮೇಲೂ ಸದ್ದು ಕೂಡಲೇ ಇಳಿಯದೆ ಎಳೆಯುತ್ತಿದ್ದರೆ, ಐಡಲ್‌ನಲ್ಲಿ ಮಿಷನ್ನನ್ನು ಪಕ್ಕಕ್ಕೆ ವಾಲಿಸಿದಾಗ ಸದ್ದು ಬದಲಾದರೆ ಅನುಮಾನ ಗಟ್ಟಿ. ಖಚಿತ ಆಗಬೇಕಾದರೆ ಸೈಲೆನ್ಸರ್ ಕಿಂಡಿ ಮತ್ತು ಕಾರ್ಬೊರೇಟರ್ ಕಡೆ ಎರಡನ್ನೂ ಮುಚ್ಚಿ 7 ಪಿಎಸ್‌ಐ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಬಂದ ಜಾಗವೇ ತೂತು. ಹೊರಗೆ ಗಾಳಿ ತಡೆದ ಸೀಲ್ ಒಳಗೆ ಎಳೆದಾಗ ಬಿಡುವುದೂ ಉಂಟು, ಆದ್ದರಿಂದ ವ್ಯಾಕ್ಯೂಮ್ ಪರೀಕ್ಷೆಯನ್ನೂ ಮಾಡಿಸಿ. ಓಡುವ ಮಿಷನ್ನಿಗೆ ಸ್ಪ್ರೇ ಹೊಡೆದು ಪತ್ತೆ ಮಾಡುವವರಿದ್ದಾರೆ. ಕೆಂಪಗೆ ಕಾದ ಸೈಲೆನ್ಸರ್ ಪಕ್ಕ ಆ ಸಾಹಸ ನನಗೆ ಒಪ್ಪಿಗೆಯಿಲ್ಲ.

ಬಿಸಿಯಲ್ಲಿ ಹಿಡಿಯದ ರೋಗವನ್ನು ಬಿಸಿಯಲ್ಲೇ ಹಿಡಿಯಬೇಕು, ಮನೆಗೆ ತಂದು ತಣಿದ ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಿಂತ ತಕ್ಷಣ, ಬೀಡಿ ಬೆಂಕಿಯಿಂದ ದೂರ, ಪೆಟ್ರೋಲ್ ಮುಚ್ಚಳವನ್ನು ನಿಧಾನ ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಎರಡೇ ಎಳೆತಕ್ಕೆ ಹಿಡಿದರೆ ಟ್ಯಾಂಕಿನ ಗಾಳಿತೂತು ಮುಚ್ಚಿದೆ. ಹಸಿ ಹಾಲುವಾಣದ ಹೊಟ್ಟು ಆಯಿಲ್ ಜೊತೆ ಸೇರಿ ಅಂಟಿನಂತೆ ಕೂತು ಇದನ್ನು ಮಾಡುತ್ತದೆ.

ಅದಲ್ಲದಿದ್ದರೆ ಕೂಡಲೇ ಪ್ಲಗ್ ಬಿಚ್ಚಿ, ಕ್ಯಾಪಿಗೆ ಹೊಸ ಪ್ಲಗ್ ಸಿಕ್ಕಿಸಿ, ಅದರ ಲೋಹವನ್ನು ಪ್ಲಗ್ ತೂತಿನಿಂದ ದೂರ ಸಿಲಿಂಡರಿಗೆ ತಾಗಿಸಿ ಎಳೆಯಿರಿ. ಈ ಗಾತ್ರದ ಬಹಳಷ್ಟು ಮಿಷನ್ನಿಗೆ ಎನ್‌ಜಿಕೆ ಬಿಪಿಎಂಆರ್7ಎ ಪ್ಲಗ್, ಗ್ಯಾಪ್ 0.5 ಮಿ.ಮೀ. ತಣ್ಣಗಿದ್ದಾಗ ನೀಲಿ ಕಿಡಿ, ಬಿಸಿಯಲ್ಲಿ ಕಿಡಿಯೇ ಇಲ್ಲ ಅಂದರೆ ಇಗ್ನಿಷನ್ ಕಾಯಿಲ್ ಹೋಗಿದೆ. ಹೊಸ ಕಾಯಿಲ್ ಹಾಕುವಾಗ ಅದಕ್ಕೂ ಫ್ಲೈವೀಲಿನ ಮ್ಯಾಗ್ನೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿಯಿರಿ, ಬೇಕಾದ 0.3 ಮಿ.ಮೀ. ಗ್ಯಾಪ್ ತಾನಾಗಿ ಸಿಗುತ್ತದೆ. ಕಿಡಿ ಇದೆ, ಮುಚ್ಚಳ ಸಡಿಲಿಸಿದರೂ ಹಿಡಿಯುತ್ತಿಲ್ಲ ಅಂದರೆ ಬಿಸಿಯಲ್ಲೇ ಮತ್ತೊಮ್ಮೆ ಕಂಪ್ರೆಷನ್ ನೋಡಿ.

ಇಷ್ಟೂ ಆಗಿ ಎಲ್ಲ ಸರಿ ಇದ್ದರೆ ಮಾತ್ರ ಕಾರ್ಬೊರೇಟರ್. ಆಗಲೂ ಮೊದಲು ಡಯಾಫ್ರಮ್ (ಒಳಗಿನ ತೆಳು ಪೊರೆ) ಕಿಟ್, ಕೆಲವು ನೂರು ರೂಪಾಯಿಯ ಕೆಲಸ. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಗ್ಯಾಸ್ಕೆಟ್ ಮತ್ತು ಡಯಾಫ್ರಮ್ ಹಿಂದುಮುಂದಾದರೆ ಮಿಷನ್ ಓಡುವುದಿಲ್ಲ. ಹಳೇ ಡಯಾಫ್ರಮ್ ಬೆರಳಲ್ಲಿ ಆಡಿಸಿದರೆ ಹಪ್ಪಳದಂತೆ ಟಕಟಕ ಅಂದರೆ ಗಟ್ಟಿಯಾಗಿದೆ. ಪಂಪ್ ಕಡೆಯ ಮುಚ್ಚಳದಡಿ ಗುಂಡುಸೂಜಿ ತಲೆಗಿಂತ ತುಸು ದೊಡ್ಡ ಜಾಲರಿ ಇದೆ, ಅದನ್ನು ಮರೆಯುವವರೇ ಹೆಚ್ಚು. ತೂತುಗಳಿಗೆ ತಂತಿ ಚುಚ್ಚಬೇಡಿ, ಕ್ಲೀನರ್ ಸ್ಪ್ರೇ ಸಾಕು.

ಟ್ಯೂನಿಂಗ್: ಎಚ್, ಎಲ್ ಎರಡನ್ನೂ ಮೆಲ್ಲಗೆ ತಳ ಮುಟ್ಟಿಸಿ ಒಂದೊಂದು ಸುತ್ತು ಬಿಡಿ (ಮ್ಯಾನುಯಲ್ ಇದ್ದರೆ ಅದರ ಲೆಕ್ಕವೇ ಸರಿ). ಐದು ನಿಮಿಷ ಬಿಸಿಮಾಡಿ, ಎಲ್ ತಿರುಗಿಸುತ್ತಾ ಐಡಲ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಒಂದು ಸುತ್ತಿನ ಎಂಟನೇ ಒಂದು ಪಾಲು ಬಿಚ್ಚಿ. ಆಮೇಲೆ ಐಡಲ್ ಸ್ಕ್ರೂ ಇಳಿಸಿ ಚೈನ್ ತಿರುಗದ ಹಾಗೆ ಮಾಡಿ. ಎಚ್‌ಗೆ ಕಿವಿಯೇ ಗೇಜ್. ಲೋಡ್ ಇಲ್ಲದೆ ಕೆಲವೇ ಸೆಕೆಂಡು ಪೂರ್ತಿ ರೇಸ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದು ಗರಗರ ಅನ್ನಬೇಕು, ಸಿಲ್ವರ್ ಓಕ್‌ಗೆ ಕಚ್ಚಿಸಿದ ಕೂಡಲೇ ಅದು ಶುಭ್ರವಾಗಬೇಕು. ಗಾಳಿಯಲ್ಲೇ ಸೊಳ್ಳೆಯಂತೆ ಕೊಯ್ಯನೆ ಕಿರುಚಿದರೆ ಎಚ್ ಇನ್ನೂ ಬಿಚ್ಚಬೇಕು. ಇಲ್ಲಿ ಹೀಗೆ ಟ್ಯೂನ್ ಮಾಡಿದ ಮಿಷನ್ನನ್ನು ಮತ್ತೆ ಸಂಪಾಜೆ ಘಾಟಿ ಇಳಿಸಿ ಪುತ್ತೂರಿಗೆ ಒಯ್ದರೆ ಅಲ್ಲಿ ಪೆಟ್ರೋಲ್ ಸಾಲುವುದಿಲ್ಲ, ಕೊಯ್ಯುವ ಮೊದಲು ಎಚ್ ಸ್ವಲ್ಪ ಬಿಚ್ಚಿಕೊಳ್ಳಿ.